ನೊರೆ ಯಾರ ಕೈಯಲ್ಲಿತ್ತು?

ಸೆರ್ವಾಂಟಿಸ್‌ನ ‘ಡಾನ್ ಕ್ವಿಕ್ಸಾಟ್’ ಕಾದಂಬರಿಯ ಎರಡನೆಯ ಭಾಗ 1615ರಲ್ಲಿ ಪ್ರಕಟವಾಯಿತು. ಅದರಲ್ಲಿ ಡ್ಯೂಕನ ಮನೆಯ ಊಟದ ಪ್ರಸಂಗವೊಂದಿದೆ. ಊಟ ಮುಗಿಯುತ್ತಿದ್ದಂತೆ ನಾಲ್ವರು ಸೇವಕಿಯರು ಬೆಳ್ಳಿಯ ಬೋಗುಣಿ, ನೀರಿನ ಹೂಜಿ, ಟವೆಲು ಮತ್ತು ನೇಪಲ್ಸ್ ಸಾಬೂನಿನ ಉಂಡೆ ಹಿಡಿದು ಬರುತ್ತಾರೆ. ಡಾನ್ ಕ್ವಿಕ್ಸಾಟ್‌ನ ಗಡ್ಡಕ್ಕೆ ಸಾಬೂನು ಹಚ್ಚಿ, ಉಜ್ಜಿ ಉಜ್ಜಿ ಮುಖವನ್ನೆಲ್ಲ ನೊರೆ ಮಾಡುತ್ತಾರೆ. ಅಷ್ಟರಲ್ಲಿ ನೀರು ಮುಗಿಯಿತೆಂದು ನಟಿಸಿ ಒಬ್ಬಳನ್ನು ನೀರಿಗೆ ಕಳಿಸುತ್ತಾರೆ. ಕತ್ತು ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ, ಗಡ್ಡದ ತುಂಬ ನೊರೆ ಹೊತ್ತು ಆ ವೀರ ಕಾಯುತ್ತ ಕೂರುತ್ತಾನೆ. ಸುತ್ತಲಿದ್ದವರು ನಗು ತಡೆದುಕೊಳ್ಳಲು ಹೆಣಗುತ್ತಾರೆ. ಆಮೇಲೆ ಅವನ ಸೇವಕ ಸಾಂಚೊ ಪಾಂಜಾನಿಗೂ ಅದೇ ಉಪಚಾರ ಮಾಡಲು ಅಡುಗೆಮನೆಯ ಹುಡುಗರು ಬೆನ್ನು ಹತ್ತುತ್ತಾರೆ. ಅವರು ಹೊತ್ತು ತಂದದ್ದು ಪಾತ್ರೆ ತೊಳೆದ ನೀರು. ಯಜಮಾನನಿಗೆ ನೇಪಲ್ಸ್ ಸಾಬೂನು, ಆಳಿಗೆ ಮುಸುರೆ ನೀರು.

ಇದನ್ನು ಹಾಸ್ಯಪ್ರಸಂಗವೆಂದೇ ಓದುತ್ತೇವೆ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮುಖಕ್ಕೆ ನೊರೆ ಹಚ್ಚಿಸಿಕೊಂಡವನು, ಅವನು ಎಷ್ಟೇ ದೊಡ್ಡವನಾಗಿರಲಿ, ಅಷ್ಟು ಹೊತ್ತು ಇನ್ನೊಬ್ಬರ ಕೈಯಲ್ಲಿರುತ್ತಾನೆ. ಯಾರಿಗೆ ಎಂಥ ನೊರೆ ಎಂಬುದು ಅಂತಸ್ತಿನ ಮೇಲೆ ತೀರ್ಮಾನವಾಗುತ್ತದೆ. ಕ್ಷೌರದ ಚರಿತ್ರೆ ಹೆಚ್ಚಾಗಿ ಕತ್ತಿಯ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ಕಂಚಿನ ಕತ್ತಿ, ಉಕ್ಕಿನ ಕತ್ತಿ, ಬ್ಲೇಡು ಇವೆಲ್ಲ ವಸ್ತುಸಂಗ್ರಹಾಲಯದಲ್ಲಿ ಉಳಿಯುತ್ತವೆ. ನೊರೆಯಾದರೋ ಹತ್ತು ನಿಮಿಷದಲ್ಲಿ ಬಚ್ಚಲು ಸೇರುತ್ತದೆ. ಅದನ್ನು ಎಬ್ಬಿಸುವ ವಿದ್ಯೆ ಕೈಯಿಂದ ಕೈಗೆ ದಾಟಿ ಬಂದದ್ದು. ಆ ಕೈಗಳು ಯಾರವು, ವಿದ್ಯೆ ಬರಹಕ್ಕೆ ಇಳಿದದ್ದು ಯಾವಾಗ, ಇಳಿದಾಗ ಆ ಕೈಗಳಿಗೆ ಏನಾಯಿತು ಎಂಬುದು ಈ ಬರಹದ ಪ್ರಶ್ನೆ.

ಮೊದಲು ವಿದ್ಯೆಯನ್ನೇ ನೋಡೋಣ. ಕನ್ನಡದಲ್ಲಿ ಇದಕ್ಕೆ ಎರಡು ಪದಗಳಿವೆ: ಬುರುಗು ಮತ್ತು ನೊರೆ. ಆಡುಮಾತಿನಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಇಲ್ಲಿ ಮಾತ್ರ ಅನುಕೂಲಕ್ಕಾಗಿ ಬೇರೆ ಮಾಡಿಕೊಳ್ಳುತ್ತೇನೆ. ಅಂಟುವಾಳವನ್ನು ನೀರಲ್ಲಿ ಕಿವುಚಿದರೆ ದೊಡ್ಡ ದೊಡ್ಡ ಗುಳ್ಳೆಗಳೆದ್ದು ನೋಡುನೋಡುತ್ತಲೇ ಒಡೆಯುತ್ತವಲ್ಲ, ಅದು ಬುರುಗು. ಆಗತಾನೆ ಕರೆದ ಹಾಲಿನ ಮೇಲೆ ಗುಳ್ಳೆಯೇ ಕಾಣದಷ್ಟು ನುಣ್ಣಗೆ ನಿಲ್ಲುವುದು ನೊರೆ. ಕ್ಷೌರಕ್ಕೆ ಬೇಕಾದದ್ದು ಎರಡನೆಯದು.

ಒಣಗಿದ ಗಡ್ಡದ ಕೂದಲು ಗಟ್ಟಿ. ಆದರೆ ಕೂದಲಿಗೆ ನೀರು ಹೀರುವ ಗುಣವಿದೆ. ಪೂರ್ತಿ ನೆನೆದರೆ ತನ್ನ ತೂಕದ ಸುಮಾರು ಶೇ. 30ರಷ್ಟು ನೀರನ್ನು ಅದು ಹಿಡಿದುಕೊಳ್ಳುತ್ತದೆ. ನೆನೆದ ಕೂದಲನ್ನು ಕತ್ತರಿಸಲು ಕತ್ತಿಗೆ ಬೇಕಾಗುವ ಬಲ ಬಹಳ ಕಡಿಮೆ. ಬರೀ ನೀರು ಹಚ್ಚಿದರೆ ಅದು ಕೆನ್ನೆಯಿಂದ ಇಳಿದುಹೋಗುತ್ತದೆ, ಇಲ್ಲವೇ ಆರಿಹೋಗುತ್ತದೆ. ಕೂದಲ ಮೇಲಿನ ಜಿಡ್ಡನ್ನು ಬಿಡಿಸಿ, ನೀರನ್ನು ಕೂದಲ ಬುಡದಲ್ಲಿ ಕೆಲವು ನಿಮಿಷ ಹಿಡಿದು ನಿಲ್ಲಿಸಿ, ಕತ್ತಿ ಚರ್ಮದ ಮೇಲೆ ಜಾರುವಂತೆ ಮಾಡುವುದು ನೊರೆಯ ಕೆಲಸ. ಹಾಗೆ ನೋಡಿದರೆ ನೊರೆಯೆಂದರೆ ಸಾಬೂನಿನ ಪೊರೆಯೊಳಗೆ ಸೆರೆಯಾದ ನೀರು ಮತ್ತು ಗಾಳಿ. ಚೆನ್ನಾಗಿ ಎದ್ದ ನೊರೆಯಲ್ಲಿ ಸಾಬೂನಿಗಿಂತ ನೀರೇ ಹೆಚ್ಚು.

ಅದನ್ನು ಎಬ್ಬಿಸುವ ಕ್ರಮದಲ್ಲಿ ಗುಟ್ಟು ಎನ್ನುವಂಥದ್ದು ಒಂದೇ: ನೀರನ್ನು ಸ್ವಲ್ಪಸ್ವಲ್ಪವಾಗಿ ಕೊಡುವುದು. ಬ್ರಶ್ಶನ್ನು ಬೆಚ್ಚನೆಯ ನೀರಲ್ಲಿ ನೆನೆಸಿ, ಹೆಚ್ಚಿನ ನೀರು ಕೊಡವಿ, ಸಾಬೂನಿನ ಮೇಲೆ ಅರ್ಧ ನಿಮಿಷ ತಿರುಗಿಸಬೇಕು. ಆಗ ಬ್ರಶ್ಶಿಗೆ ಹತ್ತುವುದು ನೊರೆಯಲ್ಲ, ಗೋಂದಿನಂಥ ಗಟ್ಟಿ ಲೇಪ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಸಾಬೂನು ಸಾಲದಷ್ಟು ತೆಗೆದುಕೊಂಡು, ನೀರು ಒಮ್ಮೆಗೇ ಸುರಿದು, ಬುರುಗು ಎದ್ದದ್ದನ್ನು ಕಂಡು ಹಿಗ್ಗುತ್ತಾರೆ. ಕತ್ತಿ ಎತ್ತುವಷ್ಟರಲ್ಲಿ ಅದು ಆರಿರುತ್ತದೆ. ಬಲ್ಲವರು ಆ ಲೇಪವನ್ನು ಬಟ್ಟಲಿನಲ್ಲೋ ಕೆನ್ನೆಯ ಮೇಲೋ ತಿರುವುತ್ತ, ಬ್ರಶ್ಶಿನ ತುದಿಗೆ ಕೆಲವೇ ಹನಿ ನೀರು ಮುಟ್ಟಿಸುತ್ತ, ಮತ್ತೆ ತಿರುವುತ್ತ ಹೋಗುತ್ತಾರೆ. ಮೊದಲು ಗುಳ್ಳೆಗಳು ದೊಡ್ಡದಾಗಿ ಏಳುತ್ತವೆ. ಬಿಡದೆ ತಿರುವಿದರೆ ಅವೇ ಒಡೆದು ಸಣ್ಣದಾಗುತ್ತವೆ. ಮಂಕಾಗಿದ್ದ ಲೇಪಕ್ಕೆ ಹೊಳಪು ಬಂದು, ಬ್ರಶ್ ಎತ್ತಿದಾಗ ತುದಿ ಬಾಗಿ ನಿಂತರೆ ಸರಿಯಾದ ಹದ. ಕೆನೆಮೊಸರಿನ ಹಾಗೆ ಎನ್ನಬಹುದು. ಬೆಣ್ಣೆ ಯಾವಾಗ ಬರುತ್ತದೆಂದು ಮಜ್ಜಿಗೆ ಕಡೆಯುವವರಿಗೆ ಸದ್ದಿನಲ್ಲೇ ತಿಳಿಯುವಂತೆ, ಇಲ್ಲಿಯೂ ಹದ ತಿಳಿಯುವುದು ಕೈಗೆ.

ನೀರಿನ ಗುಣಕ್ಕೂ ಇದರಲ್ಲಿ ಪಾಲಿದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಡನೆ ಕೂಡಿ ಕರಗದ ಗಸಿಯಾಗಿಬಿಡುತ್ತವೆ. ನೊರೆಯಾಗಬೇಕಿದ್ದ ಸಾಬೂನು ಬಕೆಟ್ಟಿನ ಅಂಚಿಗೆ ಹತ್ತಿಕೊಳ್ಳುತ್ತದೆ. ಬೋರ್‌ವೆಲ್ ನೀರು ಬಳಸುವ ನಮ್ಮ ಊರುಗಳಲ್ಲಿ ಇದು ದಿನದ ಅನುಭವ. ಮಳೆನೀರಿನಲ್ಲಿ ಅದೇ ಸಾಬೂನು ಬೇರೆಯೇ ಸಾಬೂನೇನೋ ಎನಿಸುವಷ್ಟು ನೊರೆ ಕೊಡುತ್ತದೆ.

ಸಾಬೂನಿನ ಗುಣದ ಮಾತು ಬಂದಾಗ ರಸಾಯನಶಾಸ್ತ್ರದ ಕಡೆ ತಿರುಗಬೇಕು. ಕೊಬ್ಬಿನ ಒಡಲಲ್ಲಿ ಏನಿದೆ ಎಂದು ಬಿಡಿಸಿ ತೋರಿಸಿದವನು ಫ್ರಾನ್ಸಿನ ಮಿಶೆಲ್ ಯೂಜೀನ್ ಶೆವ್ರೆಲ್. 102 ವರ್ಷ ಬದುಕಿದ ಈತ ಪ್ರಾಣಿಜನ್ಯ ಕೊಬ್ಬುಗಳ ಮೇಲಿನ ತನ್ನ ಸಂಶೋಧನೆಯನ್ನು 1823ರಲ್ಲಿ ಪುಸ್ತಕವಾಗಿ ತಂದ. ಸ್ಟಿಯರಿಕ್ ಆಮ್ಲವನ್ನು ಬೇರ್ಪಡಿಸಿ ಗುರುತಿಸಿದವನೂ ಈತನೇ. ದನ, ಕುರಿಗಳ ಕೊಬ್ಬಿನಲ್ಲಿ ಈ ಆಮ್ಲ ಹೇರಳ. ಅದರಿಂದಾದ ಸಾಬೂನು ನಿಧಾನವಾಗಿ ಏಳುವ, ಆದರೆ ಗಟ್ಟಿಯಾಗಿ ನಿಲ್ಲುವ ನೊರೆ ಕೊಡುತ್ತದೆ. ತೆಂಗಿನೆಣ್ಣೆಯ ಸಾಬೂನಿನಲ್ಲಿ ಬುರುಗು ಬೇಗ ಏಳುತ್ತದೆ, ಬೇಗ ಇಳಿಯುತ್ತದೆ. ಕ್ಷಾರದಲ್ಲಿಯೂ ಇಂಥದೇ ವ್ಯತ್ಯಾಸವುಂಟು. ಸೋಡಿಯಂ ಕ್ಷಾರದ ಸಾಬೂನು ಗಟ್ಟಿ. ಮರದ ಬೂದಿಯಿಂದ ಬರುವ ಪೊಟ್ಯಾಸಿಯಂ ಕ್ಷಾರದ ಸಾಬೂನು ಮೆದು, ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಇವೆಲ್ಲವನ್ನೂ ಹದವಾಗಿ ಬೆರೆಸಿ, ತೇವ ಹಿಡಿಯುವ ಗ್ಲಿಸರಿನ್ ಅನ್ನು ಅದರಲ್ಲೇ ಉಳಿಸಿಕೊಂಡರೆ ಕ್ಷೌರದ ಸಾಬೂನು. ನಮ್ಮ ದೇಶಕ್ಕೆ ಬಂದಾಗ ಈ ಪಾಕವೇ ತೊಡಕಾಯಿತು. ದನದ ಕೊಬ್ಬು ಹಲವರಿಗೆ ಒಗ್ಗದ ವಸ್ತು. 1918ರ ಆಸುಪಾಸಿನಲ್ಲಿ ಅರ್ದೇಶಿರ್ ಗೋದ್ರೆಜ್ ಸಸ್ಯದ ಎಣ್ಣೆಯಿಂದಲೇ ಮಾಡಿದ ಸಾಬೂನನ್ನು ಮಾರುಕಟ್ಟೆಗೆ ತಂದಾಗ, ಪ್ರಾಣಿಯ ಕೊಬ್ಬಿಲ್ಲ ಎಂಬುದೇ ಅದರ ದೊಡ್ಡ ಗುಣವಾಯಿತು. ಮುಖಕ್ಕೆ ಏನು ತಾಗಬಹುದು ಎಂಬ ಪ್ರಶ್ನೆ ಇಲ್ಲಿ ಬರೀ ಚರ್ಮದ್ದಾಗಿರಲಿಲ್ಲ.

ಮುಖಕ್ಕೆ ಯಾರು ತಾಗಬಹುದು ಎಂಬ ಪ್ರಶ್ನೆಯಂತೂ ಇನ್ನೂ ಹಳೆಯದು. ಯುರೋಪಿನಲ್ಲಿ ಕ್ಷೌರಿಕ ಬಹುಕಾಲ ವೈದ್ಯನ ನೆಂಟನಾಗಿದ್ದ. ಹಲ್ಲು ಕೀಳುವುದು, ರಕ್ತ ತೆಗೆಯುವುದು, ಕುರು ಕೊಯ್ಯುವುದು ಅವನ ಕೆಲಸದಲ್ಲಿ ಸೇರಿದ್ದವು. ಲಂಡನ್ನಿನಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ 1540ರಲ್ಲಿ ಒಂದೇ ಸಂಘವಾದರು. 1745ರಲ್ಲಿ ಶಸ್ತ್ರವೈದ್ಯರು ಬೇರೆಯಾದರು. ಆ ಬಳಿಕ ಒಂದು ಕತ್ತಿ ಗೌರವದ ವಿದ್ಯೆಯಾಯಿತು, ಇನ್ನೊಂದು ಕತ್ತಿ ಚಾಕರಿಯಾಗಿ ಉಳಿಯಿತು.

ನಮ್ಮಲ್ಲಿ ಊರ ಆಯಗಾರರಲ್ಲಿ ಕ್ಷೌರಿಕನೂ ಒಬ್ಬ. ಸುಗ್ಗಿಯಲ್ಲಿ ಅವನಿಗೆ ಸಲ್ಲಬೇಕಾದ ಕಾಳು ಸಲ್ಲುತ್ತಿತ್ತು. ಹಡಪ ಎಂದರೆ ಎಲೆಯಡಿಕೆಯ ಚೀಲ. ಕ್ಷೌರಿಕನ ಸಲಕರಣೆಯ ಚೀಲಕ್ಕೂ ಅದೇ ಹೆಸರು. ಹನ್ನೆರಡನೆಯ ಶತಮಾನದ ಶರಣ ಹಡಪದ ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ಗೌರವಿಸುವ ಹಡಪದ ಸಮುದಾಯ ಇಂದಿಗೂ ಕ್ಷೌರದ ಕಸುಬಿನೊಡನೆ ಗುರುತಿಸಿಕೊಂಡಿದೆ. ಸಾಬೂನು ಬರುವ ಮೊದಲು ಅವರ ಕೈಯಲ್ಲಿದ್ದದ್ದು ನೀರು ಮತ್ತು ಬೆರಳು. ನೀರು ಹಚ್ಚಿ, ಬೆರಳ ತುದಿಯಿಂದ ತಿಕ್ಕಿ ತಿಕ್ಕಿ ಕೂದಲನ್ನು ಮೆದುವಾಗಿಸುತ್ತಿದ್ದರು. ರಸಾಯನಶಾಸ್ತ್ರ ಆಮೇಲೆ ಹೇಳಿದ್ದನ್ನು ಆ ಬೆರಳು ಮೊದಲೇ ಬಲ್ಲದು: ಗಡ್ಡವನ್ನು ಸೋಲಿಸುವುದು ನೀರು, ಕತ್ತಿ ಕೊನೆಯ ಕೆಲಸಕ್ಕೆ ಮಾತ್ರ.

ಆದರೂ ಕ್ಷೌರ ಮಾಡಿಸಿಕೊಂಡವರು ಸ್ನಾನ ಮಾಡದೆ ಒಳಗೆ ಬರುವಂತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಇಂದಿಗೂ ಆ ಕಟ್ಟಳೆಯಿದೆ. ಕೊಳೆ ತೆಗೆದವನ ಸ್ಪರ್ಶವೇ ಮೈಲಿಗೆಯಾಯಿತು. ಕಸುಬನ್ನು ಸೂಚಿಸುತ್ತಿದ್ದ ಹಳೆಯ ಪದವೊಂದು ಕನ್ನಡದಲ್ಲಿ ಬೈಗುಳವಾಗಿಯೂ ಬಳಕೆಯಾಯಿತು. ಕತ್ತನ್ನೇ ಒಪ್ಪಿಸುವಷ್ಟು ನಂಬಿಕೆ ಆ ಕೈಯ ಮೇಲೆ, ಆ ಕೈಯ ವಿದ್ಯೆಗೆ ಮಾತ್ರ ವಿದ್ಯೆಯೆಂಬ ಹೆಸರಿಲ್ಲ.

ಈಗ ಬರಹದ ಕಥೆಗೆ ಬರೋಣ. ತಾನೇ ಕ್ಷೌರ ಮಾಡಿಕೊಳ್ಳುವುದನ್ನು ಕಲಿಸುವ ಪುಸ್ತಕವೊಂದು 1769ರಲ್ಲಿ ಫ್ರೆಂಚಿನಲ್ಲಿ ಬಂತು. ಹೆಸರು ‘ಪೊಗೊನೊಟೊಮಿ’, ಅಂದರೆ ಗಡ್ಡ ಕತ್ತರಿಸುವ ವಿದ್ಯೆ. ಬರೆದವನು ಜಾನ್ ಜಾಕ್ ಪೆರೆ, ಪ್ಯಾರಿಸ್ಸಿನಲ್ಲಿ ಕತ್ತಿ ಚೂರಿ ತಯಾರಿಸುವ ಕುಶಲಕರ್ಮಿ. ಬಡಗಿಯ ಉಜ್ಜುಗೊರಡಿನಂತೆ ಅಲಗಿಗೆ ತಡೆಯಿಟ್ಟು, ಚರ್ಮ ಕೊಯ್ಯದಂಥ ಕತ್ತಿಯನ್ನೂ ಅವನು ರೂಪಿಸಿದ. ಮುಂದೆ ಅಮೆರಿಕದಲ್ಲಿ 1840ರ ಹೊತ್ತಿಗೆ ಜೆ. ಬಿ. ವಿಲಿಯಮ್ಸ್ ಕನೆಕ್ಟಿಕಟ್ ರಾಜ್ಯದಲ್ಲಿ ಕ್ಷೌರದ ಸಾಬೂನನ್ನೇ ಮುಖ್ಯ ಸರಕಾಗಿ ಮಾಡಿಕೊಂಡು ಉದ್ಯಮ ಕಟ್ಟಿದ. 1905ರಲ್ಲಿ ನ್ಯೂಯಾರ್ಕಿನ ಅಂಚೆ ಶಿಕ್ಷಣದ ಶಾಲೆಯೊಂದು ‘ಶೇವಿಂಗ್ ಮೇಡ್ ಈಸಿ’ ಎಂಬ ಚಿಕ್ಕ ಕೈಪಿಡಿಯನ್ನು ಹೊರತಂದಿತು. ಕತ್ತಿ ಹಿಡಿಯುವ ಬಗೆ, ಮಸೆಯುವ ಬಗೆಯ ಜೊತೆಗೆ ನೊರೆಗೆ ಕೊಡಬೇಕಾದ ಹೊತ್ತನ್ನೂ ಅದು ಒತ್ತಿ ಹೇಳಿತು. ಅವಸರಪಟ್ಟು ನೊರೆ ಹಚ್ಚಿಕೊಂಡವನಿಗೆ ಎಷ್ಟು ಹರಿತವಾದ ಕತ್ತಿಯಿದ್ದೂ ಉಪಯೋಗವಿಲ್ಲ ಎಂಬುದು ಅದರ ತಿರುಳು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಪೆರೆ ಕತ್ತಿ ಮಾಡುವವನು, ವಿಲಿಯಮ್ಸ್ ಸಾಬೂನು ಮಾಡುವವನು, ಕೈಪಿಡಿ ತಂದವರು ಪಾಠ ಮಾರುವವರು. ನೊರೆ ಎಬ್ಬಿಸಿ ಬದುಕಿದವರ ದನಿ ಈ ಸಾಲಿನಲ್ಲಿಲ್ಲ. ಕ್ಷೌರಿಕನಿಗೆ ಪುಸ್ತಕ ಬೇಕಿರಲಿಲ್ಲ, ಗುರುವಿನ ಪಕ್ಕ ನಿಂತು ಕಲಿಯುತ್ತಿದ್ದ. ಅವನಿಲ್ಲದೆ ಕೆಲಸ ನಡೆಸಿಕೊಳ್ಳಬೇಕಾದವರಿಗೇ ಪುಸ್ತಕ ಬೇಕಾಯಿತು. ಇದಕ್ಕೆ ಅಪವಾದಗಳಿಲ್ಲವೆಂದಲ್ಲ. 1893ರಲ್ಲಿ ಎ. ಬಿ. ಮೋಲರ್ ಶಿಕಾಗೋದಲ್ಲಿ ಕ್ಷೌರಿಕರ ಶಾಲೆ ತೆರೆದ, ಮುಂದೆ ಪಠ್ಯವನ್ನೂ ಬರೆದ. ಅದಕ್ಕೂ ಮೊದಲು ಮಿಸಿಸಿಪಿಯ ನ್ಯಾಚೆಜ್ ಪಟ್ಟಣದಲ್ಲಿ ವಿಲಿಯಂ ಜಾನ್ಸನ್ ಎಂಬ ಕ್ಷೌರಿಕನಿದ್ದ. 1809ರಲ್ಲಿ ಗುಲಾಮನಾಗಿ ಹುಟ್ಟಿ, 1820ರಲ್ಲಿ ಬಿಡುಗಡೆ ಪಡೆದು, ಬಿಳಿಯರ ಕ್ಷೌರ ಮಾಡಿ ಆಸ್ತಿವಂತನಾದ ಕಪ್ಪು ಮನುಷ್ಯ. 1835ರಿಂದ 1851ರಲ್ಲಿ ಕೊಲೆಯಾಗುವವರೆಗೆ ಅವನು ದಿನಚರಿ ಬರೆದ. ಊರಿನ ಸಾಲ, ಜಗಳ, ಮಾರಾಟ, ಸಾವು ಎಲ್ಲವೂ ಅದರಲ್ಲಿವೆ. ಅವನೂ ಗುಲಾಮರನ್ನು ಇಟ್ಟುಕೊಂಡಿದ್ದ ಎಂಬುದು ಆ ಬದುಕಿನ ಇನ್ನೊಂದು ಮುಖ. ಗುಲಾಮಗಿರಿ ಕೊನೆಗೊಂಡ ಮೇಲೂ ಅಮೆರಿಕದ ದಕ್ಷಿಣದ ಊರುಗಳಲ್ಲಿ ಹಲವು ಕಪ್ಪು ಕ್ಷೌರಿಕರು ಬಿಳಿಯರಿಗೆ ಮಾತ್ರ ಕ್ಷೌರ ಮಾಡುವ ಅಂಗಡಿ ನಡೆಸಿದರು. ತಮ್ಮವರನ್ನು ಅದೇ ಕುರ್ಚಿಯಲ್ಲಿ ಕೂರಿಸಿದರೆ ಬಿಳಿಯ ಗಿರಾಕಿಗಳು ಬಿಟ್ಟುಹೋಗುತ್ತಾರೆಂಬ ಭಯ ಅವರಿಗಿತ್ತು.

ಇದೇ ಭಯ ಆಫ್ರಿಕದಲ್ಲಿ ನಮ್ಮವರೊಬ್ಬರ ಮುಂದೆ ಬಂದು ನಿಂತಿತು. ಪ್ರಿಟೋರಿಯಾದಲ್ಲಿ ಇಂಗ್ಲಿಷ್ ಕ್ಷೌರಿಕನೊಬ್ಬ ಗಾಂಧೀಜಿಯವರ ಕೂದಲು ಕತ್ತರಿಸಲು ನಿರಾಕರಿಸಿದ ಪ್ರಸಂಗ ಅವರ ಆತ್ಮಕಥೆಯಲ್ಲಿದೆ. ಅವರು ಕತ್ತರಿಸುವ ಸಾಧನ ಕೊಂಡು, ಕನ್ನಡಿಯ ಮುಂದೆ ನಿಂತು, ಮುಂದಲೆಯನ್ನು ಹೇಗೋ ಕತ್ತರಿಸಿ, ಹಿಂದಲೆಯನ್ನು ಕೆಡಿಸಿಕೊಂಡರು. ನ್ಯಾಯಾಲಯದಲ್ಲಿ ಗೆಳೆಯರು ನಕ್ಕರು. ಇಂಗ್ಲೆಂಡಿಗೆ ಹೋದವರೆಲ್ಲ ಗಡ್ಡ ಹೆರೆದುಕೊಳ್ಳುವುದನ್ನಾದರೂ ಕಲಿತು ಬರುತ್ತಾರೆ, ಕೂದಲು ಕತ್ತರಿಸಿಕೊಳ್ಳುವುದನ್ನು ಕಲಿಯುವುದಿಲ್ಲ ಎಂದು ಅವರು ಅಲ್ಲಿಯೇ ಬರೆಯುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಅವರ ಮುಂದಿನ ಮಾತು. ಆ ಕ್ಷೌರಿಕನನ್ನು ಅವರು ದೂರುವುದಿಲ್ಲ. ಕರಿಯರ ತಲೆ ಮುಟ್ಟಿದರೆ ಅವನ ಗಿರಾಕಿಗಳು ಹೋಗುತ್ತಿದ್ದರು. ನಾವು ನಮ್ಮ ಕ್ಷೌರಿಕರಿಗೆ ಅಸ್ಪೃಶ್ಯರ ಸೇವೆ ಮಾಡಲು ಬಿಡುತ್ತೇವೆಯೇ ಎಂದು ಅವರು ತಮ್ಮ ಕಡೆಗೇ ತಿರುಗಿ ನೋಡಿಕೊಳ್ಳುತ್ತಾರೆ. ಸ್ವತಂತ್ರ ಭಾರತದಲ್ಲಿ 1955ರ ಕಾಯಿದೆ ಅಸ್ಪೃಶ್ಯತೆಯ ನೆಪದಲ್ಲಿ ಇಂಥ ಸೇವೆ ನಿರಾಕರಿಸುವುದನ್ನು ಅಪರಾಧವೆಂದು ಸಾರಿತು. ಕಾಯಿದೆ ಬಂದು ಇಷ್ಟು ದಶಕಗಳಾದರೂ, ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿಗಳು ಕರ್ನಾಟಕದ ಹಳ್ಳಿಗಳಿಂದ ಬರುವುದು ನಿಂತಿಲ್ಲ.

ಪಶ್ಚಿಮದಲ್ಲಿ ನೊರೆಯನ್ನು ಕ್ಷೌರಿಕನ ಕೈಯಿಂದ ಗಂಡಸಿನ ಸ್ವಂತ ಕೈಗೆ ದೊಡ್ಡ ಪ್ರಮಾಣದಲ್ಲಿ ದಾಟಿಸಿದ್ದು ಕಿಂಗ್ ಕ್ಯಾಂಪ್ ಜಿಲೆಟ್‌ನ ಬ್ಲೇಡು. 1903ರಲ್ಲಿ ಅವನ ಕಂಪನಿ ಮಾರಿದ್ದು 51 ರೇಜರ್ ಮತ್ತು 168 ಬ್ಲೇಡ್ ಮಾತ್ರ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಸರಬರಾಜಾದದ್ದು ಸುಮಾರು 35 ಲಕ್ಷ ರೇಜರ್. ವಿಷಾನಿಲದ ಮುಖವಾಡ ಬಿಗಿಯಾಗಿ ಕೂರಬೇಕಾದರೆ ಗಡ್ಡ ಇರಬಾರದಿತ್ತು. ಹೀಗೆ ಲಕ್ಷಾಂತರ ತರುಣರು ಕಂದಕದಲ್ಲಿ, ತಗಡಿನ ಲೋಟದ ನೀರಿನಲ್ಲಿ, ತಾವೇ ನೊರೆ ಎಬ್ಬಿಸುವುದನ್ನು ಕಲಿತರು.

ಆ ಕಲಿಕೆಗೆ ಬೆಲೆಯೂ ತೆರಬೇಕಾಯಿತು. ಯುದ್ಧದಿಂದ ವ್ಯಾಪಾರದ ದಾರಿಗಳು ಕೆಟ್ಟಿದ್ದವು. ಒಳ್ಳೆಯ ಬ್ರಶ್ಶಿಗೆ ಬೇಕಾದ ಬ್ಯಾಜರ್ ಪ್ರಾಣಿಯ ಕೂದಲು ಸಿಗದೆ, ಏಷ್ಯಾದಿಂದ ಬಂದ ಕುದುರೆ ಕೂದಲಿಗೆ ಅದರಂತೆ ಬಣ್ಣ ಹಾಕಿ ಬಳಸಲಾಯಿತು. ಸರಿಯಾಗಿ ಶುದ್ಧಿ ಮಾಡದ ಆ ಕೂದಲಿನಲ್ಲಿ ನೆರಡಿ ರೋಗ, ಅಂದರೆ ಆಂಥ್ರಾಕ್ಸ್‌ನ ಬೀಜಾಣುಗಳಿದ್ದವು. ಬ್ಲೇಡು ತಾಗಿ ಗೀರಾದ ಕೆನ್ನೆಯ ಮೇಲೆ ಬ್ರಶ್ ತಿರುಗಿದರೆ ಸಾಕಿತ್ತು. 1915ರಿಂದ 1924ರ ನಡುವೆ ಬ್ರಿಟನ್ ಮತ್ತು ಅಮೆರಿಕದ ಸೈನಿಕರಲ್ಲಿ, ನಾಗರಿಕರಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಬ್ರಶ್ಶಿನ ಕೂದಲನ್ನು ಶುದ್ಧಿ ಮಾಡುವ ನಿಯಮಗಳು ಬಿಗಿಯಾದದ್ದು ಆಮೇಲೆ.

ಯುದ್ಧ ಮುಗಿದ ಮೇಲೆ ವ್ಯಾಪಾರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1925ರಲ್ಲಿ ಅಮೆರಿಕದ ಬರ್ಮಾ-ವೀಟಾ ಕಂಪನಿ ಬರ್ಮಾ-ಶೇವ್ ಎಂಬ ಬ್ರಶ್ಶೇ ಬೇಡದ ಕ್ರೀಮನ್ನು ತಂದು, ರಸ್ತೆ ಬದಿಯ ಪ್ರಾಸಬದ್ಧ ಹಲಗೆಗಳಿಂದ ಪ್ರಸಿದ್ಧವಾಯಿತು. 1950ರ ಹೊತ್ತಿಗೆ ಒತ್ತಿದರೆ ಉಕ್ಕುವ ನೊರೆಯ ಡಬ್ಬಿಗಳು ಬಂದವು. ಹದ ನೋಡುವ ಅಗತ್ಯವಿಲ್ಲ, ಗುಂಡಿ ಒತ್ತಿದರಾಯಿತು. ಆದರೆ ಡಬ್ಬಿಯ ನೊರೆ ಉಬ್ಬುವುದು ಒಳಗೆ ತುಂಬಿದ ಅನಿಲದಿಂದ. ಬ್ರಶ್ಶಿನ ತಿಕ್ಕಾಟದಿಂದ ನೀರು ಕೂದಲ ಬುಡ ಸೇರುವ ಕೆಲಸ ಅಲ್ಲಿ ನಡೆಯುವುದಿಲ್ಲ. ಕ್ಷೌರಿಕನಿಂದ ಕೈಪಿಡಿಗೆ, ಕೈಪಿಡಿಯಿಂದ ಗಿರಾಕಿಯ ಕೈಗೆ ಬಂದಿದ್ದ ವಿದ್ಯೆ ಒಂದೂವರೆ ತಲೆಮಾರಿನಲ್ಲಿ ಬೇಡದ ವಿದ್ಯೆಯಾಯಿತು.

ಸರಿಸುಮಾರು ಅದೇ ಹೊತ್ತಿಗೆ, 1950ರಲ್ಲಿ, ಕೊಲಂಬಿಯಾದ ಎರ್ನಾಂಡೊ ಟೇಯೆಸ್ ತನ್ನ ಕಥಾಸಂಕಲನದಲ್ಲಿ ‘ನೊರೆ, ಮತ್ತೇನಿಲ್ಲ’ ಎಂಬ ಅರ್ಥದ ಹೆಸರಿನ ಕಥೆಯೊಂದನ್ನು ಸೇರಿಸಿದ. ಬಂಡುಕೋರರನ್ನು ಕೊಂದು ಬಂದ ಸೇನಾಧಿಕಾರಿ ಕ್ಷೌರಕ್ಕೆ ಕೂರುತ್ತಾನೆ. ಕ್ಷೌರಿಕ ಗುಟ್ಟಾಗಿ ಬಂಡುಕೋರರ ಕಡೆಯವನು. ಅವನು ಸಾಬೂನಿನ ಚೂರು ಹೆಚ್ಚಿ, ಬಟ್ಟಲಿಗೆ ಹಾಕಿ, ಬೆಚ್ಚನೆಯ ನೀರು ಬೆರೆಸಿ, ಬ್ರಶ್ ತಿರುವುತ್ತ ಯೋಚಿಸುತ್ತಾನೆ: ಕತ್ತು ಕೈಯಲ್ಲಿದೆ, ಕೊಯ್ಯಲೇ, ಬಿಡಲೇ? ಕೊನೆಗೆ ಅವನು ಆರಿಸಿಕೊಳ್ಳುವುದು ತನ್ನ ಕಸುಬಿನ ಮರ್ಯಾದೆಯನ್ನು. ತಾನು ಕ್ಷೌರಿಕ, ತನ್ನ ಕೈಗೆ ಹತ್ತಬೇಕಾದದ್ದು ನೊರೆ, ರಕ್ತವಲ್ಲ ಎಂದು ತೀರ್ಮಾನಿಸಿ, ಒಂದು ಗೀರೂ ಬೀಳದಂತೆ ಕ್ಷೌರ ಮುಗಿಸುತ್ತಾನೆ. ಅಧಿಕಾರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂಬುದು ಕಥೆಯ ಕೊನೆಯ ತಿರುವು. ಸೆರ್ವಾಂಟಿಸ್‌ನಲ್ಲಿ ನಗೆಯಾಗಿದ್ದ ಅಸಹಾಯಕತೆ ಇಲ್ಲಿ ನೈತಿಕ ಪ್ರಶ್ನೆಯಾಗಿದೆ. ಹೀಗೆ ಕ್ಷೌರಿಕನಿಗೆ ಒಳಮನಸ್ಸನ್ನೂ ಆಯ್ಕೆಯನ್ನೂ ಕೊಟ್ಟು ನೋಡಿದ್ದು ಒಂದು ಕಥೆ. ಕೈಪಿಡಿಗಳಿಗೆ ಅವನ ವಿದ್ಯೆ ಬೇಕಿತ್ತು, ಅವನು ಬೇಕಿರಲಿಲ್ಲ.

ಕೈಯ ನೊರೆ ಪೂರ್ತಿ ಮಾಯವಾಗಿಲ್ಲ. ನಮ್ಮ ಊರಿನ ಸಲೂನುಗಳಲ್ಲಿ ಅದಿನ್ನೂ ದಿನವೂ ಏಳುತ್ತಿದೆ. ಸಾಬೂನಿನ ಬಿಲ್ಲೆಯ ಜಾಗಕ್ಕೆ ಟ್ಯೂಬಿನ ಕ್ರೀಮು ಬಂದಿದೆ, ಮಸೆಯುವ ಕತ್ತಿಯ ಜಾಗಕ್ಕೆ ಮುರಿದು ಸಿಕ್ಕಿಸುವ ಅರ್ಧ ಬ್ಲೇಡು ಬಂದಿದೆ. ಆದರೆ ಕೆನ್ನೆಯ ಮೇಲೆ ಬ್ರಶ್ ತಿರುಗಿಸುತ್ತ, ನೊರೆ ಆರುತ್ತಿದೆಯೆಂದು ಕಂಡೊಡನೆ ಎರಡು ಹನಿ ನೀರು ಮುಟ್ಟಿಸುವ ಆ ಕೈ ಹಳೆಯದೇ. ಯಾವ ಗಡ್ಡಕ್ಕೆ ಎಷ್ಟು ಹೊತ್ತು, ಯಾವ ನೀರಿಗೆ ಎಷ್ಟು ಸಾಬೂನು, ಈ ಹದವನ್ನು ಯಾರಿಂದ ಕಲಿತರು, ಯಾರನ್ನು ಕೂರಿಸಬಾರದೆಂದು ಯಾರು ಹೇಳಿದ್ದರು ಎಂಬ ಪ್ರಶ್ನೆಗಳಿಗೆ ಉತ್ತರ ಪತ್ರಾಗಾರದ ಕಡತಗಳಲ್ಲಿ ಸಿಗುವುದು ಕಷ್ಟ. ಆ ಕುರ್ಚಿಯ ಹಿಂದೆ ನಿಂತವರು ಹೇಳಬಲ್ಲರು. ಚರಿತ್ರೆ ಓದುವ ನಾವು ತಿಂಗಳಿಗೊಮ್ಮೆಯಾದರೂ ಆ ಕುರ್ಚಿಯಲ್ಲಿ ಕೂರುವವರೇ. ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಅಲ್ಲಿಂದಲೇ ಶುರುಮಾಡಬಹುದು.